ಹಸಿರು ಡಬ್ಬಿಯ ವಾಸನೆ

ನನ್ನ ತಮ್ಮನ ಮೊಮ್ಮಗಳು ಒಂದು ಚಹಾ ಕಂಪನಿಯಲ್ಲಿ ರುಚಿ ನೋಡುವ ಕೆಲಸಕ್ಕೆ ಸೇರಿದ್ದಾಳೆ. ಇಡೀ ದಿನ ಚಹಾ ಹೀರಿ ಉಗುಳುವುದಕ್ಕೂ ಸಂಬಳ ಕೊಡುತ್ತಾರೆಂದು ಅವಳ ತಾಯಿಗೆ ಇನ್ನೂ ನಂಬಿಕೆ ಬಂದಿಲ್ಲ. ಹೋದ ವಾರ ದಾದರಿನ ನಮ್ಮ ಮನೆಗೆ ಬಂದವಳು, "ದೊಡ್ಡಜ್ಜ, ನಿಮ್ಮ ಜಮಾನಾದಾಗ ಹೆಂಗ್ ಮಾಡ್ತಿದ್ರಿ, ಎಲ್ಲಾ ಬರೆದು ಕೊಡ್ರಿ ನಾ. ಪ್ರಮೋಶನ್ ಗಿಮೋಶನ್ ಬ್ಯಾಡ, ಗಲತಿ ಮಾಡಿದ್ದು ಬರೀರಿ" ಅಂದಳು. ಅವಳ ಕನ್ನಡ ಅರ್ಧ ಹಾದಿಯಲ್ಲಿ ಹಿಂದಿಯ ಲೋಕಲ್ ರೈಲು ಹತ್ತುತ್ತದೆ. ಆದರೆ ಕೇಳಿದ್ದು ಸರಿಯಾದದ್ದನ್ನೇ. ನನ್ನ ಬಡ್ತಿಗಳನ್ನು ಬರೆದರೆ ಒಂದು ಪೋಸ್ಟ್ ಕಾರ್ಡ್ ಸಾಕು. ತಪ್ಪುಗಳಿಗೆ ಮಾತ್ರ ಕಾಗದ ಬೇಕು.

ಮೊದಲೇ ಹೇಳಿಬಿಡುತ್ತೇನೆ. ತಂಬಾಕು ಒಳ್ಳೆಯದು ಎಂದು ಸಾರಲು ನಾನು ಕೂತಿಲ್ಲ. ಮೂವತ್ತೆಂಟು ವರ್ಷ ಅದನ್ನು ಕತ್ತರಿಸಿ, ಬೆರೆಸಿ, ಮೂಸಿ ನೋಡಿ ಮಾರಿದ ನಾನು ಒಂದು ಸಲವೂ ಸೇದಲಿಲ್ಲ. ನನ್ನ ತಂದೆ ನಿಪ್ಪಾಣಿಯ ವಖಾರಿಯಲ್ಲಿ ಬೀಡಿ ತಂಬಾಕಿನ ದರ್ಜೆ ಹೇಳುವವರಾಗಿದ್ದರು. ಎಲೆಯನ್ನು ಅಂಗೈಯಲ್ಲಿ ತಿಕ್ಕಿ, ಅದರ ಮೇಲೆ ಬಾಯಿಯ ಬಿಸಿ ಉಸಿರು ಬಿಟ್ಟು, ಒಂದೇ ಸಲ ಮೂಗಿಗೆ ಹಿಡಿದು, ಯಾವ ಹೊಲದ ಮಾಲು ಅಂತ ಹೇಳಿಬಿಡುತ್ತಿದ್ದರು. ನಾನು ಮುಂಬಯಿಗೆ ಹೊರಟ ದಿನ ಅವರು ಹೇಳಿದ್ದು ಎರಡೇ ಮಾತು. "ಗಿರಾಕಿ ಚಟ ನಿನ್ನ ಚಟ ಆತಂದ್ರ ಮೂಗು ಸಾಯ್ತೈತಿ. ಮೂಗು ಸತ್ತರ ಊಟ ಸತ್ತಂಗ." ಆ ಮಾತನ್ನು ನಾನು ಕೊನೆಯವರೆಗೆ ಮೀರಲಿಲ್ಲ. ಸೇದದೆಯೇ ಸೇದುವವರ ಒಲವು ತಿಳಿಯಬಲ್ಲೆ ಎಂಬ ಜಂಬ ಬಂದದ್ದೂ ಅಲ್ಲಿಂದಲೇ.

ಮುಂಬಯಿಯ ಫೋರ್ಟ್ ಪೇಟೆಯ ಒಂದು ಓಣಿಯಲ್ಲಿ ನಮ್ಮ ಅಂಗಡಿ. ಮಾಲೀಕರು ಪಾರ್ಸಿಗಳು, ರುಸ್ತುಂ ಸೇಠ್. ಬಿಳಿ ಕೋಟು, ಕರಿ ಟೋಪಿ, ಸಣ್ಣ ಕಣ್ಣು, ದೊಡ್ಡ ನಗು. ಪೈಪು, ಪೈಪಿನ ಬುರುಸು, ವಿಲಾಯತಿ ತಂಬಾಕಿನ ಡಬ್ಬಿ, ಇವಿಷ್ಟೇ ನಮ್ಮ ವ್ಯಾಪಾರ. ಒಳಕೋಣೆಯಲ್ಲಿ ಗಾಜಿನ ಜಾಡಿಗಳ ಸಾಲು, ಒಂದು ಸಣ್ಣ ತಕ್ಕಡಿ, ಒಂದು ಕತ್ತರಿಸುವ ಮಣೆ. ಅದು ನನ್ನ ರಾಜ್ಯ. ವಿಲಾಯತಿಯಿಂದ ಬಂದ ಬಿಡಿ ತಂಬಾಕನ್ನು ಗಿರಾಕಿಯ ಮರ್ಜಿಗೆ ತಕ್ಕಂತೆ ಬೆರೆಸಿ ಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಬಾಯಿಗಿಂತ ಕಿವಿ ಮುಖ್ಯ. ಗಿರಾಕಿ "ಸ್ವಲ್ಪ ಚುರುಕು ಬೇಕು" ಅಂದರೆ ಅವನಿಗೆ ಬೇಕಾದದ್ದು ಚುರುಕಲ್ಲ, ಹೊಸದು. "ಹಳೆಯದೇ ಇರಲಿ" ಅಂದರೆ ಮಾತ್ರ ಅದರ ಅರ್ಥ ಹಳೆಯದೇ.

ಐವತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ಹೊರದೇಶದ ಸಾಮಾನಿನ ಮೇಲೆ ಸರಕಾರದ ಕಟ್ಟುಪಾಡು ಬಿಗಿಯಾಗುತ್ತ ಬಂತು. ಪರವಾನಗಿ ಸಿಕ್ಕರೆ ಮಾಲು ಇಲ್ಲ, ಮಾಲು ಇದ್ದರೆ ಪರವಾನಗಿ ಇಲ್ಲ. ಒಂದೊಂದೇ ಡಬ್ಬಿ ಕಪಾಟಿನಿಂದ ಮಾಯವಾಯಿತು. ಎಲ್ಲಕ್ಕಿಂತ ಮೊದಲು ಹೋದದ್ದು ಹಸಿರು ಡಬ್ಬಿ. ಅದರ ಇಂಗ್ಲಿಷ್ ಹೆಸರು ಉದ್ದ. ನಾವು ಅಂಗಡಿಯಲ್ಲಿ ಹಸಿರು ಡಬ್ಬಿ ಅಂತಲೇ ಕರೆಯುತ್ತಿದ್ದೆವು. ಅದನ್ನು ಸೇದುವವರು ಹೆಚ್ಚಿಲ್ಲ, ಆದರೆ ಸೇದುವವರು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಅವರಲ್ಲಿ ಒಬ್ಬರು ಸಯನ್ ಬಡಾವಣೆಯ ದೇಸಾಯಿ ಸಾಹೇಬರು.

ದೇಸಾಯರು ಧಾರವಾಡದವರು, ರೈಲ್ವೆ ವರ್ಕ್‌ಶಾಪಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಹರೆಯದಲ್ಲಿ ತಮ್ಮ ಇಂಗ್ರೇಜಿ ಸಾಹೇಬನನ್ನು ನೋಡಿ ಪೈಪು ಹಿಡಿದವರು. ಸಾಹೇಬ ದೇಶ ಬಿಟ್ಟರೂ ಇವರು ಪೈಪು ಬಿಡಲಿಲ್ಲ. ಎತ್ತರದ ಆಳು, ಕಡಿಮೆ ಮಾತು. ಹದಿನೈದು ದಿನಕ್ಕೊಮ್ಮೆ ಬಂದು, "ಚನ್ನಪ್ಪ, ಒಂದು ಡಬ್ಬಿ" ಅನ್ನುವರು. ನಾನು ಕೊಡುವೆನು. ಹತ್ತು ವರ್ಷ ನಮ್ಮ ಮಾತುಕತೆ ಇಷ್ಟೇ. ಕಪಾಟು ಖಾಲಿಯಾದ ದಿನ ಮಾತ್ರ ಅವರು ಕೌಂಟರಿನ ಮೇಲೆ ಬಾಗಿ ಕಪಾಟನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನಂತರ, "ಇದಕ್ಕ ಬದಲಿ ಏನರ ಮಾಡ್ಲಿಕ್ಕೆ ಬರ್ತದೇನು?" ಅಂದರು.

"ಮಾಡ್ತೇನ್ರಿ ಸಾಹೇಬ್ರ. ನಿಪ್ಪಾಣಿ ಮೂಗು ಇದು" ಅಂದೆ. ಆ ಮಾತಿನ ದಂಡವನ್ನು ಮುಂದೆ ಒಂದು ವರ್ಷ ತೆತ್ತೆ.

ಮೊದಲ ಪ್ರಯತ್ನದ ಕತೆ ಕೇಳಿ. ಖಾಲಿ ಹಸಿರು ಡಬ್ಬಿಯ ತಳವನ್ನು ಮೂಸಿ ಮೂಸಿ ಮನಸ್ಸಿನಲ್ಲಿ ಅಚ್ಚು ಒತ್ತಿಕೊಂಡೆ. ಗುಂಟೂರಿನ ಹಳದಿ ಎಲೆ ತರಿಸಿದೆ, ಅದಕ್ಕೆ ನಮ್ಮೂರಿನ ಕಂದು ಎಲೆ ಒಂದು ಚಿಟಿಕೆ ಸೇರಿಸಿದೆ. ಡಬ್ಬಿಯಲ್ಲಿ ಒಂದು ಸಿಹಿ ವಾಸನೆ ಇತ್ತಲ್ಲ, ಅದಕ್ಕೆ ಏನು ಮಾಡುವುದು? ನಮ್ಮ ಕಡೆ ತಿನ್ನುವ ತಂಬಾಕಿಗೆ ಬೆಲ್ಲದ ನೀರು ಚಿಮುಕಿಸುವ ರೂಢಿ. ಅದನ್ನೇ ಮಾಡಿದೆ. ನಿಪ್ಪಾಣಿಯ ಒಣ ಹವೆಯಲ್ಲಿ ಬೆಲ್ಲದ ನೀರು ಸಂಜೆಯೊಳಗೆ ಆರುತ್ತದೆ. ಇದು ಮುಂಬಯಿಯ ಜುಲೈ ತಿಂಗಳು, ಗೋಡೆಯೇ ಬೆವರುವ ಕಾಲ ಎಂಬುದನ್ನು ಮರೆತೆ. ಮೂರನೆಯ ಬೆಳಿಗ್ಗೆ ಅಂಗಡಿ ತೆರೆದರೆ ಬೀದಿಯಿಂದ ಹೊಸ್ತಿಲು, ಹೊಸ್ತಿಲಿನಿಂದ ಕಪಾಟು, ಕಪಾಟಿನಿಂದ ಜಾಡಿಯವರೆಗೆ ಕೆಂಪಿರುವೆಯ ಮೆರವಣಿಗೆ. ಜಾಡಿಯೊಳಗೆ ಬೂಷ್ಟು ಬಿಳಿ ಗಡ್ಡ ಬಿಟ್ಟುಕೊಂಡು ಕೂತಿತ್ತು. ರುಸ್ತುಂ ಸೇಠ್ ಬಗ್ಗಿ ನೋಡಿದರು. ಸಿಟ್ಟಾಗಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಚನ್ನಪ್ಪಾ, ತಂಬಾಕು ಬನಾಯಾ ಕಿ ಚಿಕ್ಕಿ?" ಅಂದರು. ಆ ಇಡೀ ವಾರ ಪಕ್ಕದ ಪೆನ್ನಿನ ಅಂಗಡಿಯವರೂ ನನಗೆ ಚಿಕ್ಕಿ ಎಷ್ಟಕ್ಕೆ ಅಂತ ಕೇಳುತ್ತಿದ್ದರು.

ಬೆಲ್ಲ ಬಿಟ್ಟೆ. ಎರಡನೆಯದು, ಮೂರನೆಯದು, ನಾಲ್ಕನೆಯದು ಬೆರೆಸಿದೆ. ಪ್ರತಿಯೊಂದಕ್ಕೂ ಒಂದು ನಂಬರ್ ಕೊಟ್ಟು ವಹಿಯಲ್ಲಿ ಬರೆದಿಟ್ಟೆ. ಎಳೆಯರಿಗೆ ಒಂದು ಮಾತು: ಕೆಟ್ಟು ಹೋದದ್ದನ್ನು ಮೊದಲು ಬರೆದಿಡಿ. ಸರಿ ಬಂದದ್ದು ಹೇಗೂ ನೆನಪಿರುತ್ತದೆ. ದೇಸಾಯರು ಪ್ರತಿ ಸಲ ಪುಡಿಕೆ ಒಯ್ದು, ಎರಡು ದಿನ ಬಿಟ್ಟು ಬಂದು, ಅದೇ ಮಾತು ಹೇಳುವರು. "ಛಲೋ ಅದ. ಆದ್ರ ಅದಲ್ಲ."

"ನಾಲಗಿಗೆ ಕಡೀತದೇನ್ರಿ?"

"ಇಲ್ಲ."

"ಸಪ್ಪಗೈತೇನ್ರಿ?"

"ಇಲ್ಲಪ. ಛಲೋ ಅದ. ಅದಲ್ಲ, ಅಷ್ಟ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ಈ ಮನುಷ್ಯನಿಗೆ ದೇಶದ ಎಲೆ ಅಂದರೆ ತಾತ್ಸಾರ ಅಂತ ನಾನು ತೀರ್ಮಾನಿಸಿದೆ. ಅವರ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿರುವವನಿಗೆ ಕೆಟ್ಟ ಸಲಹೆ ಬಹಳ ಬೇಗ ರುಚಿಸುತ್ತದೆ.

ಸಲಹೆ ಕೊಟ್ಟವರು ಸೇಠ್. ಗಿರಾಕಿಗಳು ಮರಳಿಸಿದ ಖಾಲಿ ಹಸಿರು ಡಬ್ಬಿಗಳು ಒಳಗೆ ಬಿದ್ದಿದ್ದವು. "ಇವುಗಳಲ್ಲಿ ನಿನ್ನ ಮಾಲು ತುಂಬಿ ಕೊಡು. ಜನ ಕಣ್ಣಿನಿಂದ ಸೇದುತ್ತಾರೆ, ಬಾಯಿಂದ ಅಲ್ಲ" ಅಂದರು ತಮ್ಮ ಹಿಂದಿಯಲ್ಲಿ. ಅದು ಮೋಸ ಅಂತ ನನಗೆ ಗೊತ್ತಿತ್ತು. ಆದರೂ ಒಬ್ಬ ಬ್ಯಾರಿಸ್ಟರಿಗೆ ಹಾಗೆ ಕೊಟ್ಟೆವು. ಆತ ಮರುದಿನ ಬಂದು, ಇಂಥ ತಾಜಾ ಮಾಲು ಯುದ್ಧಕ್ಕೆ ಮೊದಲು ನೋಡಿದ್ದೆ ಅಂತ ಹೊಗಳಿ ಹೋದ. ನನ್ನ ಅಂಜಿಕೆ ಹೋಯಿತು. ದೀಪಾವಳಿಯ ಮುಂದೆ ದೇಸಾಯರು ಬಂದಾಗ, ಆರನೆಯ ನಂಬರಿನ ಮಾಲನ್ನು ಹಸಿರು ಡಬ್ಬಿಯಲ್ಲಿ ತುಂಬಿ, ಬಾಯಿಗೆ ಕಾಗದದ ಪಟ್ಟಿ ಅಂಟಿಸಿ, "ಗೋದಾಮಿನ್ಯಾಗ ಒಂದು ಉಳಿದಿತ್ರಿ" ಅಂತ ಮುಂದಿಟ್ಟೆ.

ಆ ಮನುಷ್ಯನ ಮುಖ ನಾನು ಮರೆತಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದರು. "ಭಾಳ ದೊಡ್ಡ ಉಪಕಾರ ಆತು ಚನ್ನಪ್ಪ" ಅಂದರು. ಹತ್ತು ವರ್ಷದಲ್ಲಿ ಅವರು ನನ್ನೊಂದಿಗೆ ಆಡಿದ ಅತಿ ಆಪ್ತವಾದ ಮಾತು ಅದು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ನಾನು ಸವರಿದೆ, ಅವರು ನಂಬಿದರು.

ಮೂರನೆಯ ದಿನ ಅವರು ಬಂದರು. ಡಬ್ಬಿಯನ್ನು ಕೌಂಟರಿನ ಮೇಲೆ ಇಟ್ಟರು. ಬೈಯಲಿಲ್ಲ. ಸೇಠರ ಕಡೆ ನೋಡಲೂ ಇಲ್ಲ.

"ಚನ್ನಪ್ಪ, ನನ್ನ ಕಣ್ಣಿಗೆ ಮೋಸ ಮಾಡಬಹುದು. ನನ್ನ ನಾಲಗಿಗೂ ಮಾಡಬಹುದು, ವಯಸ್ಸಾತು. ನಮ್ಮ ಮನಿಯಾಕಿಗೆ ಮಾಡ್ಲಿಕ್ಕೆ ಆಗೂದಿಲ್ಲ."

"ಅವ್ವಾರಿಗೆ ಇದರಾಗ ಏನ್ ಸಂಬಂಧರೀ?" ಅಂದೆ. ದನಿ ಸಣ್ಣಗಾಗಿತ್ತು.

"ರವಿವಾರ ಮನಿಗೆ ಬಾ. ನೋಡಿದ ಮ್ಯಾಲ ನೀನ ಹೇಳು."

ಸಯನ್ ಸ್ಟೇಶನ್ನಿನಿಂದ ಐದು ನಿಮಿಷದ ಹಾದಿ, ಮೂರು ಮಾಳಿಗೆಯ ಬಿಲ್ಡಿಂಗು, ಎರಡನೆಯ ಮಾಳಿಗೆ. ಬಾಗಿಲು ತೆರೆದವರು ದೇಸಾಯರೇ. ಹಾಲ್‌ನಲ್ಲಿ ಎದುರುಬದುರು ಎರಡು ಬೆತ್ತದ ಕುರ್ಚಿ, ನಡುವೆ ಒಂದು ಸಣ್ಣ ಮೇಜು. ಒಳಗಿನಿಂದ ಅವರ ಹೆಂಡತಿಯ ದನಿ ಕೇಳಿತು. "ಯಾರು ಬಂದಾರ?"

"ತಂಬಾಕಿನ ಅಂಗಡಿ ಚನ್ನಪ್ಪ."

"ಇನ್ನೊಬ್ಬರು ಯಾರು?"

"ಇನ್ನೊಬ್ಬ ನಾನ."

ಆಕೆ ಅಡಿಗೆ ಮನೆಯ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತರು. ನನ್ನ ಕಡೆ ಮುಖ ಇತ್ತು, ನೋಟ ಇರಲಿಲ್ಲ. ಕಣ್ಣಿನೊಳಗೆ ಒತ್ತಡ ಏರಿ ಎಂಟು ವರ್ಷದ ಹಿಂದೆ ದೃಷ್ಟಿ ಪೂರಾ ಹೋಗಿತ್ತು. ಹತ್ತು ವರ್ಷ ಡಬ್ಬಿ ಒಯ್ದ ಮನುಷ್ಯ ಇದನ್ನು ಒಮ್ಮೆಯೂ ನನಗೆ ಹೇಳಿರಲಿಲ್ಲ.

ದೇಸಾಯರು ನನ್ನನ್ನು ಬಾಲ್ಕನಿಗೆ ಕರೆದೊಯ್ದು ಮೆಲ್ಲಗೆ ಹೇಳಿದರು. ಆಕೆ ಮನೆಯನ್ನು ಮೂಗಿನಿಂದ ನೋಡುತ್ತಾರೆ. ಹಾಲು ಉಕ್ಕುವ ಮೊದಲೇ ಗೊತ್ತಾಗುತ್ತದೆ, ಮಳೆ ಬರುವ ಮೊದಲೇ ಬಟ್ಟೆ ತೆಗೆಯುತ್ತಾರೆ. ಗಂಡ ಮನೆಯಲ್ಲಿ ಎಲ್ಲಿದ್ದಾನೆ ಎಂಬುದು ಅವರಿಗೆ ಪೈಪಿನ ಹೊಗೆಯಿಂದ ತಿಳಿಯುತ್ತಿತ್ತು. ಹೊಗೆ ಹಾಲ್‌ನಲ್ಲಿದ್ದರೆ ಹಾಲ್‌ಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತು ಮಾತಾಡುವರು.

"ನಿನ್ನ ಮಾಲು ಹಚ್ಚಿದ ದಿನ ಆಕಿ ಹೊರಗ ಬರಲಿಲ್ಲ. ಮನ್ಯಾಗ ಯಾರೋ ಪರ ಮನುಷ್ಯ ಕೂತಾನ ಅಂತ. ನಾನು ಅಂತ ಹೇಳಿದೆ. ಹೂಂ ಅಂದ್ಲು. ಒಂದು ತಾಸಿಗೆ ಮತ್ತ ಯಾರದು ಅಂತ ಕೇಳಿದ್ಲು. ದಿನಾ ಹತ್ತು ಸಲ ಕೇಳ್ತಿದ್ಲು, ಈಗ ಕೇಳೂದ ಬಿಟ್ಟಾಳ. ಒಳಗ ಕೂತ ಬಿಡ್ತಾಳ."

"ಸೇದೂದ ಬಿಟ್ರ?"

"ಬಿಟ್ಟು ನೋಡಿದೆ. ಆಗ ನಾನು ಮನ್ಯಾಗ ಇಲ್ಲ ಅಂತ ತಿಳೀತಾಳ. ಕೆಮ್ಮು ಇಲ್ಲದಿದ್ರೂ ಕೆಮ್ಕೋತ ಅಡ್ಡಾಡ್ತೀನಿ." ಅವರು ನಗಲು ನೋಡಿದರು, ಆಗಲಿಲ್ಲ. "ಹಳೇ ಡಬ್ಬಿಯೊಳಗ ಸ್ವಲ್ಪ ಉಳಿಸೇನಿ. ಶನಿವಾರ ಸಂಜೀಕ ಒಂದು ಪೈಪು. ಅವತ್ತು ಬಂದು ಕೂಡ್ತಾಳ, ಮಾತಾಡ್ತಾಳ. ಅದೂ ಮುಗೀತಂದ್ರ ಮುಂದ ಏನು?"

ನನಗೆ ಬಾಲ್ಕನಿಯಿಂದ ಕೆಳಗೆ ಇಳಿದು ಹೋಗಿಬಿಡೋಣ ಅನ್ನಿಸಿತು. ಈ ಹೆಂಗಸಿನ ಮನೆಯೊಳಗೆ ಪರಕೀಯನನ್ನು ಹಸಿರು ಡಬ್ಬಿಯಲ್ಲಿ ಹಾಕಿ ಕಳಿಸಿದವನು ನಾನು. ನನ್ನ ದಡ್ಡತನವೂ ಆಗಲೇ ತಿಳಿಯಿತು. ನಾಲ್ಕು ತಿಂಗಳು ನಾನು ತಣ್ಣನೆಯ ಎಲೆಯನ್ನು ಮೂಸಿ ಹೊಂದಿಸುತ್ತಿದ್ದೆ. ಬೇಕಾಗಿದ್ದದ್ದು ಡಬ್ಬಿಯ ವಾಸನೆಯಲ್ಲ, ನಾಲಗೆಯ ರುಚಿಯೂ ಅಲ್ಲ, ಕೋಣೆಯಲ್ಲಿ ನಿಲ್ಲುವ ಹೊಗೆ. ಸೇದುವವರ ನಡುವೆ ಇಷ್ಟು ವರ್ಷ ಇದ್ದೂ ಆ ಹೊಗೆಯನ್ನು ನಾನು ಕೆಲಸದ ಕಸ ಅಂತ ತಿಳಿದಿದ್ದೆ.

"ಸಾಹೇಬ್ರ, ತಪ್ಪಾತು. ಮಾಡಿಕೊಡ್ತೇನಿ. ಆಗೂಮಟ ಬಿಡೂದಿಲ್ಲ" ಅಂದೆ.

ಅವರು ಒಳಗೆ ಬಂದು, ಉಳಿಸಿಟ್ಟ ಡಬ್ಬಿ ತೆಗೆದು, ಅಂದು ರವಿವಾರವಾದರೂ ಒಂದು ಪೈಪು ತುಂಬಿ ಹಚ್ಚಿದರು. ಒಂದು ಶನಿವಾರ ನನ್ನ ಸಲುವಾಗಿ ಹೋಯಿತು. ನಾನು ಕಣ್ಣು ಮುಚ್ಚಿ ಗೋಡೆಗೆ ಒರಗಿ ನಿಂತೆ. ಒಂದು ನಿಮಿಷವಾಗಿರಬೇಕು, ಒಳಗಿನಿಂದ ಹೆಜ್ಜೆಯ ಸಪ್ಪಳ. ಆಕೆ ಚೌಕಟ್ಟು ಹಿಡಿಯದೆ, ಗೋಡೆ ಮುಟ್ಟದೆ, ನೆಟ್ಟಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಅವ್ವಾರ, ಈ ವಾಸನಿ ಹೆಂಗೈತಿ ಅಂತ ನನಗ ಹೇಳ್ರಿ" ಅಂದೆ.

ಆಕೆ ಹೊಗೆಯ ಕಡೆ ಮುಖ ಎತ್ತಿ ಉಸಿರೆಳೆದರು. "ಮದಲ ಧೂಪ ಆರಿದ ಮ್ಯಾಲೆ ಬರ್ತದಲ್ಲ, ಅದು. ಆಮ್ಯಾಲೆ ಹಳೇ ಹುಣಸೀಹಣ್ಣಿನ ಗಡಿಗಿ ಮುಚ್ಚಳ ತೆಗೆದಂಗ. ಕಡೀಕ ಇಸ್ತ್ರಿ ಮಾಡಿದ ಅರಿವಿ. ನಿಮ್ಮ ಮಾಲಿನ್ಯಾಗ ಇಸ್ತ್ರಿ ಅರಿವಿ ಅಷ್ಟ ಅದ" ಅಂದರು.

ಮೂವತ್ತೆಂಟು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ ಇಷ್ಟು ನಿಚ್ಚಳವಾಗಿ ಹೇಳಿದ್ದಿಲ್ಲ. ಲೋಕಲ್‌ನಲ್ಲಿ ನಿಂತುಕೊಂಡೇ ವಹಿಯಲ್ಲಿ ಬರೆದುಕೊಂಡೆ. ಧೂಪ. ಹುಣಸೆ ಗಡಿಗೆ. ಇಸ್ತ್ರಿ ಬಟ್ಟೆ.

ಅಷ್ಟು ನಿಚ್ಚಳವಾಗಿ ಹೇಳಿದರೂ ನಾನು ಮತ್ತೆ ತಪ್ಪಿದೆ. ಧೂಪ ಅಂದರಲ್ಲ, ನಾನು ದಾದರ್ ಮಾರ್ಕೆಟ್ಟಿನಿಂದ ಲೋಬಾನ ತಂದು, ಕೆಂಡದ ಮೇಲೆ ಹಾಕಿ, ಆ ಹೊಗೆಗೆ ಎಲೆ ಹಿಡಿದೆ. ನಾವಿದ್ದ ಚಾಳಿನ ನೆರೆಮನೆಯವರೆಲ್ಲ ನಮ್ಮಲ್ಲಿ ಯಾವುದೋ ಪೂಜೆ ಅಂತ ಬಂದು ಇಣುಕಿದರು. ಆ ಮಾಲನ್ನು ಸಯನ್‌ನಲ್ಲಿ ಹಚ್ಚಿದಾಗ ಅವ್ವಾರು ಒಳಗಿನಿಂದಲೇ, "ಮಠದ ಸ್ವಾಮಿಗೋಳು ಬಂದಾರೇನು? ಪಾದಪೂಜಾಕ ನೀರು ತರಲಿ?" ಅಂದರು. ದೇಸಾಯರು ನಕ್ಕರು. ನಾನೂ ನಕ್ಕೆ, ಒಳಗೊಳಗೆ ಅಳು ಬಂತು. ಧೂಪ ಬೇರೆ, ಧೂಪ ಆರಿದ ಮೇಲಿನ ವಾಸನೆ ಬೇರೆ. ಗಿರಾಕಿ ಹೇಳಿದ ಮಾತಿನಲ್ಲಿ ಅರ್ಧ ಮಾತ್ರ ಕೇಳಿ ಓಡುವ ಚಾಳಿ ನನಗೆ ಆವತ್ತಿನಿಂದ ಕಡಿಮೆಯಾಯಿತು, ಹೋಯಿತು ಅಂತ ಹೇಳಲಾರೆ.

ಈ ನಡುವೆ ಸೇಠ್ ಬೇಸತ್ತರು. ಅಂಗಡಿಯಲ್ಲಿ ಪೈಪಿನ ಕಪಾಟು ಸಣ್ಣದಾಗಿ ಸಿಗರೇಟಿನ ಕಪಾಟು ದೊಡ್ಡದಾಗುತ್ತಿತ್ತು. ಒಬ್ಬ ಮುದುಕನಿಗಾಗಿ ಒಳಕೋಣೆಯಲ್ಲಿ ಯಾಕೆ ಕೂತಿದ್ದೀ, ಹೊರಗೆ ಕೌಂಟರಿಗೆ ಬಾ ಅಂದರು. "ಬರ್ತೀನಿ ಸೇಠ್‌ಜೀ. ಇದನ್ನು ನನ್ನ ಮನೆಯಲ್ಲಿ, ನನ್ನ ಹೊತ್ತಿನಲ್ಲಿ ಮಾಡ್ತೀನಿ. ಎಲೆ ಅಷ್ಟು ಕೊಡಿ" ಅಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, "ತೂ ಬಹುತ್ ಜಿದ್ದಿ ಹೈ" ಅಂದರು, ಎಲೆ ಕೊಟ್ಟರು. ಖಾಲಿ ಹಸಿರು ಡಬ್ಬಿಗಳನ್ನೆಲ್ಲ ನಾನು ಅವರ ಎದುರಿಗೇ ತುಳಿದು ಚಪ್ಪಟೆ ಮಾಡಿ ಗುಜರಿಗೆ ಹಾಕಿದೆ. ಅದಕ್ಕೂ ಅವರು ಅಡ್ಡ ಬರಲಿಲ್ಲ. ಅವರು ಕೆಟ್ಟವರಲ್ಲ, ಅಂಗಡಿ ಮುಚ್ಚುವ ಅಂಜಿಕೆ ಅವರಿಗೂ ಇತ್ತು.

ಧೂಪದ ಗಂಟು ಬಿಚ್ಚಿದ್ದು ಮಾಟುಂಗಾದಲ್ಲಿ. ಅಲ್ಲಿನ ಎಲೆ ಅಡಿಕೆ ಅಂಗಡಿಯೊಂದರ ಮುಂದೆ ಹಾದು ಹೋಗುವಾಗ ನನ್ನ ಮೂಗು ನನ್ನನ್ನು ನಿಲ್ಲಿಸಿತು. ತೆಂಕಣ ಸೀಮೆಯಿಂದ ಬರುವ ತಿನ್ನುವ ತಂಬಾಕು, ತೆಂಗಿನ ಸಿಪ್ಪೆಯ ಹೊಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಕಪ್ಪಾಗಿಸಿದ ಎಲೆ. ಹೊಗೆ ಎಂದೋ ಆರಿಹೋಗಿ ಅದರ ನೆನಪು ಮಾತ್ರ ಎಲೆಯಲ್ಲಿ ಉಳಿದಿತ್ತು. ಇದನ್ನು ಯಾರೂ ಪೈಪಿಗೆ ಹಾಕುವುದಿಲ್ಲ, ಹಾಕಿದರೆ ಗಂಟಲು ಹರಿಯುತ್ತದೆ. ತೊಳೆದು, ಒಣಗಿಸಿ, ಮತ್ತೆ ತೊಳೆದು ಅದರ ಪೊಗರು ಇಳಿಸಿದೆ. ನಾಲ್ಕು ಪಾಲು ಗುಂಟೂರಿನ ಎಲೆಗೆ ಒಂದು ಪಾಲು ಇದು. ಅವ್ವಾರು ಮೂಸಿ, "ಧೂಪ ಬಂತು. ಗಡಿಗಿ ಎಲ್ಲಿ?" ಅಂದರು. ಆದರೆ ಒಳಗಿನಿಂದ ಹೊರಗೆ ಬರಲಿಲ್ಲ.

ಹುಣಸೆ ಗಡಿಗೆ ನನ್ನನ್ನು ಚಳಿಗಾಲವಿಡೀ ಸತಾಯಿಸಿತು. ಹುಳಿ ಸೇರಿಸಿ ನೋಡಿದೆ, ಕೆಟ್ಟಿತು. ಹದಿನೈದು, ಹದಿನಾರು, ಹದಿನೇಳು, ವಹಿಯಲ್ಲಿ ನಂಬರು ಏರಿತು. ಸಯನ್‌ನ ಡಬ್ಬಿಯಲ್ಲಿ ತಂಬಾಕು ಇಳಿಯಿತು. ದೇಸಾಯರು ಪೈಪನ್ನು ಅರ್ಧ ಮಾತ್ರ ತುಂಬತೊಡಗಿದ್ದರು.

ಯುಗಾದಿ ಕಳೆದು ಮಾವಿನಕಾಯಿ ಬಂದಿತು. ಒಂದು ಬೆಳಿಗ್ಗೆ ನನ್ನ ಹೆಂಡತಿ ಗಂಗವ್ವ ಚಾಳಿನ ಪಡಸಾಲೆಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದಳು. ಹೋಳುಗಳನ್ನು ಭರಣಿಗೆ ತುಂಬಿ, ಮೇಲೆ ತೊಳೆದ ಗುಂಡುಕಲ್ಲು ಇಟ್ಟು, ಅರಿವೆಯಿಂದ ಬಾಯಿ ಕಟ್ಟಿದಳು. ನಾನು ಒಂದು ಹೋಳು ಬಾಯಿಗೆ ಹಾಕಿಕೊಂಡು, ಇದರಲ್ಲಿ ಇನ್ನೂ ಏನೂ ಇಲ್ಲವಲ್ಲ ಅಂದೆ.

"ಹಾಕಿದ ದಿನಾನ ತಿನ್ನಾಕ ಅದೇನ್ ಚಟ್ನಿ ಏನ್ರಿ? ಮ್ಯಾಲ ಕಲ್ಲು ಇರಬೇಕು, ಒಳಗ ಹೊತ್ತು ಹೋಗಬೇಕು. ಅದರ ಪಾಡಿಗೆ ಅದನ್ನ ಬಿಡಬೇಕು" ಅಂದಳು.

ನಾನು ಬಾಯಲ್ಲಿದ್ದದ್ದನ್ನು ನುಂಗುವುದನ್ನೇ ಮರೆತೆ. ಇಷ್ಟು ದಿನ ಇಂದು ಬೆರೆಸಿ ನಾಳೆ ಸಯನ್‌ಗೆ ಓಡುತ್ತಿದ್ದೆ. ವಿಲಾಯತಿಯವರು ಎಲೆಯನ್ನು ಒತ್ತಿ ಇಡುತ್ತಾರೆಂದು ಕೇಳಿದ್ದೆ. ಹಡಗಿನಲ್ಲಿ, ಗೋದಾಮಿನಲ್ಲಿ, ನಮ್ಮ ಕಪಾಟಿನಲ್ಲಿ ತಿಂಗಳುಗಟ್ಟಲೆ ಆ ಡಬ್ಬಿ ಕೂತಿರುತ್ತಿತ್ತು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಗಡಿಗೆಯ ವಾಸನೆಯನ್ನು ಸೇರಿಸುವುದಲ್ಲ, ಕಾಯುವುದು.

"ಗಂಗವ್ವ, ನನಗ ಒಂದು ಭರಣಿ ಬೇಕು."

"ತಂಬಾಕಿಗೇನ್ರಿ? ಮುಂದ ಅದರಾಗ ಉಪ್ಪಿನಕಾಯಿ ಹಾಕಾಕ ಬರೂದಿಲ್ಲ."

ಹೌದು ಅಂದೆ. ಯಾರಿಗೆ, ಯಾಕೆ ಅಂತ ಹೇಳಿದೆ. ಅವಳು ತವರಿನಿಂದ ತಂದ ಎರಡು ಭರಣಿಗಳಲ್ಲಿ ದೊಡ್ಡದನ್ನೇ ಒರಸಿ ನನ್ನ ಮುಂದಿಟ್ಟಳು. "ಆ ತಾಯಿ ಹೊರಗ ಬಂದು ಕೂಡಲಿ" ಅಂದಳು. ಅವಳ ಜೀವಮಾನದಲ್ಲಿ ಅವಳಿಗೆ ನಾನು ಇದಕ್ಕಾಗಿ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ. ಇಲ್ಲಿ ಬರೆದಿಡುತ್ತೇನೆ.

ಎಲೆಗಳನ್ನು ಹದವಾಗಿ ನೆನೆಸಿ, ಪದರು ಪದರಾಗಿ ಭರಣಿಯಲ್ಲಿ ಒತ್ತಿ, ಕಲ್ಲು ಇಟ್ಟು, ಬಾಯಿ ಕಟ್ಟಿ, ಒಲೆಯ ಮೇಲಿನ ಹಲಗೆಯ ಮೇಲೆ ಏರಿಸಿದೆ. ನಲವತ್ತು ದಿನ. ದೇಸಾಯರಿಗೆ ಹೋಗಿ ಹೇಳಿದೆ. ಅವರು ಡಬ್ಬಿ ತೆರೆದು ತೋರಿಸಿದರು. ಏಳೆಂಟು ಶನಿವಾರಕ್ಕೆ ಸಾಲಬಹುದು, ಹೆಚ್ಚಿಲ್ಲ. ಬೇಸಿಗೆಯ ಆ ನಲವತ್ತು ದಿನ ಭರಣಿಯ ಬಾಯಿ ಬಿಚ್ಚಿ ನೋಡಬೇಕೆಂಬ ಕೈಯನ್ನು ಹಿಡಿದುಕೊಂಡದ್ದೇ ನನ್ನ ವೃತ್ತಿಯ ಅತಿ ಕಷ್ಟದ ಕೆಲಸ. ಕೆಲಸ ಮಾಡುವುದು ಸುಲಭ, ಮಾಡದೆ ಇರುವುದು ಕಷ್ಟ. ಎರಡು ಸಲ ಗಂಗವ್ವ ನನ್ನ ಕೈಗೆ ಹೊಡೆದಳು.

ನಲವತ್ತನೆಯ ದಿನ ಶನಿವಾರ ಬಂತು. ಅಂಗಡಿಯಿಂದ ಅರ್ಧ ದಿನ ರಜೆ ತೆಗೆದುಕೊಂಡು, ಭರಣಿ ಬಿಚ್ಚಿದೆ. ಎಲೆಗಳು ಒಂದಕ್ಕೊಂದು ಅಂಟಿ ಕಪ್ಪು ಕಂದು ಗಟ್ಟಿಯಾಗಿದ್ದವು. ತೆಳ್ಳಗೆ ಹೆಚ್ಚಿ, ಕೈಯಲ್ಲಿ ಬಿಡಿಸಿ, ಆರಲು ಬಿಟ್ಟು, ಪುಡಿಕೆ ಕಟ್ಟಿದೆ. ಇಪ್ಪತ್ತೊಂದನೆಯ ನಂಬರು. ಮೂಸಿ ನೋಡಲಿಲ್ಲ. ನನ್ನ ಮೂಗಿನ ಮಾತು ಕೇಳಿ ಒಂದು ವರ್ಷ ಕೆಟ್ಟಿದ್ದೆ.

ಸಯನ್‌ನಲ್ಲಿ ದೇಸಾಯರು ಬಾಗಿಲು ತೆರೆದರು. ಒಳಗೆ ಬಚ್ಚಲಿನಲ್ಲಿ ನಲ್ಲಿಯ ಸದ್ದು. "ಸ್ನಾನಕ್ಕ ಹೋಗ್ಯಾಳ. ಸೆಕಿ ಭಾಳ. ಕೂಡು" ಅಂದರು. ನಾನು ಮೇಜಿನ ಹತ್ತಿರ ಸ್ಟೂಲಿನ ಮೇಲೆ ಕೂತೆ. ಅವರು ಪುಡಿಕೆ ಬಿಚ್ಚಿ ಪೈಪು ತುಂಬಿ ಹಚ್ಚಿದರು. ನಾಲ್ಕು ಸಲ ಎಳೆದರು. ಹುಬ್ಬು ಮೇಲೇರಿತು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಕೆಳಗಿನ ಮಾಳಿಗೆಯಿಂದ ಕೂಗು. ಆ ಬಿಲ್ಡಿಂಗಿಗೆಲ್ಲ ಒಂದೇ ಟೆಲಿಫೋನು, ಕೆಳಗಿನ ಮನೆಯವರದು. ಪುಣೆಯಿಂದ ಅವರ ತಮ್ಮನ ಟ್ರಂಕ್ ಕಾಲ್ ಬಂದಿತ್ತು. ಪೈಪನ್ನು ಹಾಗೆಯೇ ಮೇಜಿನ ಮೇಲಿನ ಬಟ್ಟಲಲ್ಲಿ ಒರಗಿಸಿ, ಕೈಸನ್ನೆ ಮಾಡಿ ಇಳಿದು ಹೋದರು.

ಪೈಪಿನ ಬಾಯಿಯಿಂದ ನೀಲಿ ಹೊಗೆ ಏಳುತ್ತಲೇ ಇತ್ತು. ನಲ್ಲಿಯ ಸದ್ದು ನಿಂತಿತು. ಬಳೆಯ ಸದ್ದು ಬಂತು. ನಾನು ಎದ್ದು ನಿಂತು ನನ್ನ ಹೆಸರು ಹೇಳಬೇಕಿತ್ತು. ಹೇಳಲಿಲ್ಲ.

ಅವ್ವಾರು ಹಸಿ ಕೂದಲಿಗೆ ಅರಿವೆ ಸುತ್ತಿಕೊಂಡು ಬಾಗಿಲಿಗೆ ಬಂದರು. ಒಂದು ಕ್ಷಣ ನಿಂತರು. ಆಮೇಲೆ ಚೌಕಟ್ಟು ಬಿಟ್ಟು, ಗೋಡೆ ಮುಟ್ಟದೆ, ನೆಟ್ಟಗೆ ನಡೆದು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಹೊಗೆಯ ಕಡೆ ಮುಖ ಮಾಡಿ ಮೆಲ್ಲಗೆ ಮಾತಾಡಿದರು.

"ಕೇಳಿಸ್ತೇನ್ರಿ? ಇವತ್ತ ಆ ಚನ್ನಪ್ಪ ಬರ್ತಾನ ಅಂದಿದ್ರಿ. ಅವ ಏನ್ ತಂದ್ರೂ ಇದ ಅದು ಅಂತ ಹೇಳಿಬಿಡ್ತೀನಿ. ನೀವೂ ಹೂಂ ಅನ್ರಿ. ಪಾಪ, ಭಾಳ ದಣದಾನ. ಎಷ್ಟ್ ದಿನ ಅಂತ ಅವಗ ಕಾಡೋಣ? ಡಬ್ಬಿಯೊಳಗಿಂದು ಇನ್ನೆರಡು ಶನಿವಾರ ಇದ್ದಷ್ಟು ಇರಲಿ. ಆಮ್ಯಾಲೆ ನನಗ ರೂಢಿ ಆಗ್ತದ."

ನನ್ನ ಕಣ್ಣು ಮಂಜಾಯಿತು. ನನ್ನ ಮಾಲು ಉರಿಯುತ್ತಿತ್ತು, ಆಕೆ ಅದನ್ನು ಡಬ್ಬಿಯ ಕೊನೆಯ ತಂಬಾಕು ಅಂತ ತಿಳಿದು ಗಂಡನ ಜೊತೆ ಮಾತಾಡುತ್ತಿದ್ದರು. ಇಂಥ ಸರ್ಟಿಫಿಕೇಟು ಯಾವ ಮೂಗಿಗೂ ಸಿಕ್ಕಿರಲಿಕ್ಕಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ದೇಸಾಯರು ಬಾಗಿಲಲ್ಲಿ ನಿಂತು, "ಯಾರ ಜೋಡಿ ಮಾತಾಡ್ಲಿಕ್ಕತ್ತಿ?" ಅಂದರು.

ಆಕೆಯ ಮುಖ ದನಿಯ ಕಡೆ ತಿರುಗಿತು, ಮತ್ತೆ ಹೊಗೆಯ ಕಡೆ ತಿರುಗಿತು. "ನೀವು ಅಲ್ಲಿದ್ರ ಇಲ್ಲಿ ಯಾರು?"

"ನಾನ್ರೀ ಅವ್ವಾರ. ಚನ್ನಪ್ಪ. ಪೈಪಿನ್ಯಾಗಿರೂದು ನಾ ತಂದ ಮಾಲು."

ಪೈಪು ಇನ್ನೂ ಉರಿಯುತ್ತಿತ್ತು. ಆಕೆ ಇನ್ನೊಂದು ಸಲ ಉಸಿರೆಳೆದು ನೋಡಿದರು, ನಿಧಾನವಾಗಿ, 'ಇಸ್ತ್ರಿ ಅರಿವಿ'ಯವರೆಗೂ. ಆಮೇಲೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಕ್ಕರು.

"ಛಲೋ ಆತು ನೋಡಪ್ಪ. ನನಗ ಸುಳ್ಳು ಹೇಳೂದು ತಪ್ಪಿತು."